ಬಲದ ಪಾಠದಲ್ಲಿ ಎದ್ದ ಒಂದು ಪ್ರಶ್ನೆ ಮತ್ತು ಎಚ್. ನರಸಿಂಹಯ್ಯನವರ ಜೀವನ

ನನ್ನ ಬೋಧನಾಭ್ಯಾಸ ನಡೆದದ್ದು ಬಿಟಿಎಂ ಲೇಔಟಿನ ಅಂಚಿನಲ್ಲಿರುವ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ. ಎಂಟನೇ ತರಗತಿ, ವಿಜ್ಞಾನ. ನನಗೆ ಬಂದ ಘಟಕ ಬಲ ಮತ್ತು ಒತ್ತಡ. ಪಾಠಯೋಜನೆ ಬರೆದು, ಸ್ಪ್ರಿಂಗ್ ತಕ್ಕಡಿ, ಕಾಂತ, ಬಲೂನು ಎಲ್ಲವನ್ನೂ ಜೋಡಿಸಿಕೊಂಡು ಹೋಗಿದ್ದೆ. ಸಂಪರ್ಕ ಬಲ, ಸಂಪರ್ಕರಹಿತ ಬಲ ಎರಡಕ್ಕೂ ಉದಾಹರಣೆ ಹೇಳಿ ಎಂದಾಗ ಕೈಗಳು ಒಂದರ ಮೇಲೊಂದು ಎದ್ದವು. ಬಾಗಿಲು ತಳ್ಳುವುದು, ಬೋರ್ ಒತ್ತುವುದು, ಸೈಕಲ್ ತುಳಿಯುವುದು. ಆಗ ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು, ಪೇಪರಿನಲ್ಲಿ ಪೊಲೀಸರ ಬಲಪ್ರಯೋಗ ಅಂತ ಬರುತ್ತಲ್ಲ ಮಿಸ್, ಅದೂ ಇದೇ ಬಲವಾ ಎಂದು ಕೇಳಿದಳು. ಹಿಂದಿನ ಬೆಂಚಿನಿಂದ ಯಾರೋ ಲಾಠಿ ಸಂಪರ್ಕ ಬಲ, ಅಶ್ರುವಾಯು ಸಂಪರ್ಕರಹಿತ ಬಲ ಎಂದು ಕೂಗಿದರು. ಇಡೀ ತರಗತಿ ನಕ್ಕಿತು. ಹುಡುಗಿ ನಗಲಿಲ್ಲ. ಸುಮ್ಮನೆ ಕೂರುವ ನೆರೆಯ ಸಾಲಿನ ಹುಡುಗನೂ ನಗಲಿಲ್ಲ. ಅವನ ಅಪ್ಪ ಪೊಲೀಸ್ ಕಾನ್‌ಸ್ಟೆಬಲ್ ಎಂದು ನನಗೆ ಆಮೇಲೆ ತಿಳಿಯಿತು.

ನಾನು ಮಾಡಿದ್ದು ಇಷ್ಟು: ಅದು ನಮ್ಮ ಪಾಠದಲ್ಲಿಲ್ಲ ಎಂದು ಹೇಳಿ ಕಪ್ಪುಹಲಗೆಯ ಕಡೆ ತಿರುಗಿದೆ.

ಅವಧಿ ಮುಗಿದ ಮೇಲೆ ಹುಡುಗಿ ನನ್ನ ಹಿಂದೆಯೇ ಬಂದಳು. ಅವಳ ಅಮ್ಮ ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಟೈಲರ್. 2016ರ ಏಪ್ರಿಲ್‌ನಲ್ಲಿ ಹೊಸೂರು ರಸ್ತೆಯಲ್ಲಿ ಸಾವಿರಾರು ಹೆಂಗಸರು ಪಿಎಫ್ ದುಡ್ಡಿಗಾಗಿ ಕೂತಾಗ ಅವರೂ ಕೂತಿದ್ದರು. ಲಾಠಿ ಬೀಸಲು ಶುರುವಾದಾಗ ಚಪ್ಪಲಿ ಅಲ್ಲೇ ಬಿಟ್ಟು ಮನೆಗೆ ಓಡಿ ಬಂದರಂತೆ. ಆಗ ಹುಡುಗಿಗೆ ಐದು ವರ್ಷವೂ ತುಂಬಿರಲಿಲ್ಲ. ಅಮ್ಮನ ಬರಿಗಾಲು ಮಾತ್ರ ನೆನಪಿದೆ ಎಂದಳು. ಅಮ್ಮ ತಪ್ಪು ಮಾಡಿದ್ದಾಳೋ ಇಲ್ಲವೋ ಎಂಬುದೇ ಅವಳ ನಿಜವಾದ ಪ್ರಶ್ನೆಯಾಗಿತ್ತು.

ಅಂದು ನನ್ನ ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕ ಶಿಕ್ಷಕರು ಧ್ವನಿಗೆ, ಕಲಿಕೋಪಕರಣಕ್ಕೆ, ಹಲಗೆಯ ಬಳಕೆಗೆ ಒಳ್ಳೆಯ ಅಂಕ ಕೊಟ್ಟಿದ್ದರು. ವಿದ್ಯಾರ್ಥಿಗಳ ಪ್ರಶ್ನೆಗಳ ನಿರ್ವಹಣೆ ಎಂಬ ಕಲಂ ಅನ್ನು ಮಾತ್ರ ಖಾಲಿ ಬಿಟ್ಟಿದ್ದರು. ಕೇಳಿದ್ದಕ್ಕೆ, ಬನಶಂಕರಿಯಿಂದ ಮೆಟ್ರೋ ಹತ್ತಿ ನ್ಯಾಷನಲ್ ಕಾಲೇಜು ನಿಲ್ದಾಣ ದಾಟಿ ಎಷ್ಟೋ ಸಲ ಹೋಗಿದ್ದೀಯಲ್ಲ, ಒಮ್ಮೆ ಅಲ್ಲಿ ಇಳಿದು ಆ ಕಾಲೇಜಿನ ಮೇಷ್ಟ್ರ ಬಗ್ಗೆ ಓದಿಕೊಂಡು ಬಾ ಎಂದರು. ಆ ಮೇಷ್ಟ್ರು ಡಾ. ಎಚ್. ನರಸಿಂಹಯ್ಯ. ಭೌತಶಾಸ್ತ್ರದ ಅಧ್ಯಾಪಕರು, ಸ್ವಾತಂತ್ರ್ಯ ಹೋರಾಟಗಾರರು, ಸೆರೆಮನೆ ಕಂಡವರು. ಘಟಕದ ಕೊನೆಯ ದಿನ ನಾನು ತರಗತಿಯಲ್ಲಿ ಹೇಳಿದ ಅವರ ಜೀವನವನ್ನು, ಸಹ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಬಹುದೆಂದು, ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆದಿದ್ದೇನೆ.

ಹೊಸೂರಿನಿಂದ ಬಸವನಗುಡಿಗೆ

ನರಸಿಂಹಯ್ಯನವರು ಹುಟ್ಟಿದ್ದು 1920ರ ಜೂನ್ 6ರಂದು, ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ಆಗ ಅದು ಕೋಲಾರ ಜಿಲ್ಲೆಗೆ ಸೇರಿತ್ತು, ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಮನೆಯಲ್ಲಿ ಬಡತನ. ಊರಿನ ಶಾಲೆಯ ಓದು ಮುಗಿದಾಗ ಮುಂದೆ ಓದಲು ಅಲ್ಲಿ ಹೈಸ್ಕೂಲ್ ಇರಲಿಲ್ಲ. ಅವರಿಗೆ ಕಲಿಸಿದ್ದ ಮೇಷ್ಟ್ರೊಬ್ಬರು ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಬಂದಿದ್ದರು. ಇಲ್ಲಿಗೆ ಬಂದು ಸೇರಿಕೋ ಎಂದು ಅವರಿಂದ ಕರೆ ಬಂತು. ಬಸ್ಸಿಗೆ ಕಾಸಿರಲಿಲ್ಲ. 1935ರಲ್ಲಿ ಹದಿನೈದರ ಆ ಹುಡುಗ ಸುಮಾರು 80 ಕಿಲೋಮೀಟರ್ ದೂರವನ್ನು ಎರಡು ದಿನ ನಡೆದು ಬೆಂಗಳೂರು ಸೇರಿದ.

ತರಗತಿಯಲ್ಲಿ ಇಷ್ಟು ಹೇಳಿ ನಿಲ್ಲಿಸಿದಾಗ ಮಕ್ಕಳು ತಾವಾಗಿಯೇ ಲೆಕ್ಕ ಹಾಕಲು ಶುರು ಮಾಡಿದರು. ಗಂಟೆಗೆ ನಾಲ್ಕು ಕಿಲೋಮೀಟರ್ ಎಂದರೆ ಇಪ್ಪತ್ತು ಗಂಟೆ. ನಡುವೆ ಊಟ, ನಿದ್ದೆ? ಜವದ ಪಾಠವನ್ನು ಅವರು ಬೇರೆ ಯಾವ ಉದಾಹರಣೆಯಲ್ಲೂ ಅಷ್ಟು ಆಸಕ್ತಿಯಿಂದ ಮಾಡಿದ್ದನ್ನು ನಾನು ಕಂಡಿರಲಿಲ್ಲ.

ನ್ಯಾಷನಲ್ ಹೈಸ್ಕೂಲ್ ಸಾಧಾರಣ ಶಾಲೆಯಾಗಿರಲಿಲ್ಲ. ಆನಿ ಬೆಸೆಂಟರ ರಾಷ್ಟ್ರೀಯ ಶಿಕ್ಷಣದ ಚಿಂತನೆಯ ಪ್ರಭಾವದಲ್ಲಿ 1917ರಲ್ಲಿ ಆರಂಭವಾದ ಸಂಸ್ಥೆ ಅದು. ಸರ್ಕಾರಿ ನೌಕರಿಗಷ್ಟೇ ಹುಡುಗರನ್ನು ತಯಾರು ಮಾಡುವುದು ಅದರ ಉದ್ದೇಶವಾಗಿರಲಿಲ್ಲ. ಹಳ್ಳಿಯ ಹುಡುಗ ಬಡ ವಿದ್ಯಾರ್ಥಿಗಳ ನಿಲಯದಲ್ಲಿದ್ದು ಓದಿದ. 1936ರಲ್ಲಿ ಗಾಂಧೀಜಿ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಅನುವಾದಿಸಿ ಹೇಳುವ ಕೆಲಸ ಈ ಹುಡುಗನ ಪಾಲಿಗೆ ಬಂತು. ದೇಶವೇ ಕಿವಿಗೊಡುತ್ತಿದ್ದ ವ್ಯಕ್ತಿಯ ಮಾತನ್ನು ಹದಿನಾರರ ಹುಡುಗ ತನ್ನ ಭಾಷೆಯಲ್ಲಿ ತನ್ನ ಊರಿನವರಿಗೆ ದಾಟಿಸಬೇಕಿತ್ತು. ಅಂದಿನಿಂದ ಕೊನೆಯವರೆಗೂ ಅವರು ಖಾದಿ ಬಿಡಲಿಲ್ಲ, ಗಾಂಧೀಜಿಯ ದಾರಿಯನ್ನೂ ಬಿಡಲಿಲ್ಲ.

ಅವರದೇ ತಾಲ್ಲೂಕಿನಲ್ಲಿ ನಡೆದದ್ದು

1938ರಲ್ಲಿ ಮೈಸೂರು ಸಂಸ್ಥಾನದಲ್ಲಿ ಒಂದು ಬಾವುಟ ದೊಡ್ಡ ಪ್ರಶ್ನೆಯಾಯಿತು. ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್‌ನ ಮೊದಲ ಅಧಿವೇಶನ ನಡೆಯಿತು. ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ನಿಷೇಧ ಮೀರಿ ರಾಷ್ಟ್ರಧ್ವಜ ಹಾರಿತು. ಬಂಧನಗಳಾದವು. ಆಮೇಲೆ ಊರೂರಲ್ಲಿ ಧ್ವಜ ಹಾರಿಸುವುದೇ ಸತ್ಯಾಗ್ರಹವಾಯಿತು.

ಗೌರಿಬಿದನೂರಿನ ಸಮೀಪ ವಿದುರಾಶ್ವತ್ಥ ಎಂಬ ಕ್ಷೇತ್ರವಿದೆ. ದೊಡ್ಡ ಅರಳಿಮರ, ನಾಗರ ಕಲ್ಲುಗಳು, ವರ್ಷಕ್ಕೊಮ್ಮೆ ಜಾತ್ರೆ. 1938ರ ಏಪ್ರಿಲ್ 25ರಂದು ಅಲ್ಲಿ ಸಾವಿರಾರು ಜನ ಸೇರಿದರು. ಸಭೆ ಸೇರಕೂಡದು, ಧ್ವಜ ಹಾರಿಸಕೂಡದು ಎಂಬ ನಿಷೇಧಾಜ್ಞೆ ಇತ್ತು. ಜನ ಸೇರಿದ್ದು ಧ್ವಜಕ್ಕಾಗಿ, ಕೈಯಲ್ಲಿ ಆಯುಧ ಹಿಡಿದು ಅಲ್ಲ. ಮೊದಲು ಲಾಠಿ, ನಂತರ ಗುಂಡು. ಸತ್ತವರು ಸುಮಾರು ಹತ್ತು ಎಂದು ಸರ್ಕಾರ ಲೆಕ್ಕ ಕೊಟ್ಟಿತು, ಜನ ಹೇಳುವ ಲೆಕ್ಕ ಮೂವತ್ತಕ್ಕೂ ಮಿಗಿಲು. ದಕ್ಷಿಣದ ಜಲಿಯನ್‌ವಾಲಾಬಾಗ್ ಎಂಬ ಹೆಸರು ಆ ಜಾಗಕ್ಕೆ ಅಂಟಿಕೊಂಡಿತು.

ನರಸಿಂಹಯ್ಯನವರಿಗೆ ಆಗ ಹದಿನೆಂಟು ತುಂಬಲು ಒಂದೂವರೆ ತಿಂಗಳು ಬಾಕಿ. ಗುಂಡು ಬಿದ್ದದ್ದು ಅವರ ತಾಲ್ಲೂಕಿನಲ್ಲಿ, ಅವರ ಊರಿನ ಜನ ಹೋಗಿ ಬರುತ್ತಿದ್ದ ಜಾತ್ರೆಯ ಜಾಗದಲ್ಲಿ.

ಇಲ್ಲಿ ನಾನು ತರಗತಿಯಲ್ಲಿ ಒಂದು ವಿಷಯವನ್ನು ಒತ್ತಿ ಹೇಳಿದೆ. ಗುಂಡೇಟಿನ ಕತೆ ಗುಂಡೇಟಿಗೇ ಮುಗಿಯುವುದಿಲ್ಲ. ಸುದ್ದಿ ದೇಶದುದ್ದಕ್ಕೂ ಹರಡಿತು. ವಲ್ಲಭಭಾಯಿ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಮೈಸೂರಿಗೆ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಂದಿಗೆ ಮಾತುಕತೆಯಾಗಿ, ಮೇ ತಿಂಗಳಲ್ಲಿ ಒಪ್ಪಂದವಾಯಿತು. ಸಂಸ್ಥಾನದ ಧ್ವಜದ ಜೊತೆಗೆ ರಾಷ್ಟ್ರಧ್ವಜವನ್ನೂ ಹಾರಿಸಬಹುದು ಎಂದಾಯಿತು. ಗೋಲಿಬಾರಿನ ಬಗ್ಗೆ ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ನೇತೃತ್ವದಲ್ಲಿ ವಿಚಾರಣಾ ಸಮಿತಿ ರಚನೆಯಾಯಿತು. ಅಂದರೆ ಏಪ್ರಿಲ್‌ನಲ್ಲಿ ಯಾವುದಕ್ಕಾಗಿ ಜನರ ಮೇಲೆ ಗುಂಡು ಹಾರಿತೋ ಅದೇ ಕೆಲಸ ಮೇ ತಿಂಗಳಲ್ಲಿ ಅನುಮತಿಯ ಕೆಲಸವಾಯಿತು. ಸತ್ತವರು ಮಾತ್ರ ವಾಪಸು ಬರಲಿಲ್ಲ. ಈ ಮಾತಿಗೆ ತರಗತಿ ತಾನಾಗಿಯೇ ಮೌನವಾಯಿತು.

ಆನರ್ಸ್ ತರಗತಿಯಿಂದ ಸೆರೆಮನೆಗೆ

ನರಸಿಂಹಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದಲ್ಲಿ ಬಿಎಸ್ಸಿ ಆನರ್ಸ್ ಓದುತ್ತಿದ್ದರು. ಕೊನೆಯ ವರ್ಷ. ಬಡವರ ಮನೆಯ ಹುಡುಗನಿಗೆ ಆ ಪದವಿ ಏನೆಂದು ನಮ್ಮಲ್ಲಿ ಹಲವರಿಗೆ ವಿವರಿಸಿ ಹೇಳಬೇಕಿಲ್ಲ. 1942ರ ಆಗಸ್ಟ್‌ನಲ್ಲಿ ಭಾರತ ಬಿಟ್ಟು ತೊಲಗಿ ಚಳವಳಿಯ ಕರೆ ಬಂತು. ನಾಯಕರೆಲ್ಲ ಒಂದೇ ರಾತ್ರಿಯಲ್ಲಿ ಜೈಲು ಸೇರಿದ್ದರಿಂದ ಬೆಂಗಳೂರಿನ ಬೀದಿಗಳಲ್ಲಿ ಚಳವಳಿಯನ್ನು ಹೊತ್ತವರು ವಿದ್ಯಾರ್ಥಿಗಳು ಮತ್ತು ಗಿರಣಿ ಕಾರ್ಮಿಕರು. ಸೆಂಟ್ರಲ್ ಕಾಲೇಜಿನ ಪಕ್ಕದಲ್ಲೇ ಇರುವ ಮೈಸೂರು ಬ್ಯಾಂಕ್ ವೃತ್ತದ ಸುತ್ತ ಜನ ಸೇರಿದರು, ಪೊಲೀಸರು ಗುಂಡು ಹಾರಿಸಿದರು, ಸಾವುಗಳಾದವು. ಆ ವೃತ್ತದಲ್ಲಿ ಈಗಲೂ ಹುತಾತ್ಮರ ಸ್ಮಾರಕವಿದೆ. ಮೆಜೆಸ್ಟಿಕ್ ಕಡೆಗೆ ಹೋಗುವ ಬಸ್ಸಿನ ಕಿಟಕಿಯಿಂದ ನಾನು ಅದನ್ನು ನೂರು ಸಲ ನೋಡಿದ್ದೆ. ಏನೆಂದು ಒಂದು ಸಲವೂ ಕೇಳಿರಲಿಲ್ಲ.

ನರಸಿಂಹಯ್ಯನವರು ಕಾಲೇಜು ಬಿಟ್ಟು ಚಳವಳಿಗೆ ಧುಮುಕಿದರು. ಬಂಧನವಾಯಿತು. ಬೆಂಗಳೂರು, ಮೈಸೂರು, ಪುಣೆಯ ಯರವಾಡ, ಈ ಮೂರೂ ಸೆರೆಮನೆಗಳನ್ನು ಅವರು ಕಂಡರು. ಬಿಡುಗಡೆಯಾದ ಮೇಲೆ ನಿಂತ ಜಾಗದಿಂದಲೇ ಓದನ್ನು ಮತ್ತೆ ಹಿಡಿದು, ಆನರ್ಸ್ ಮತ್ತು ಎಂಎಸ್ಸಿ ಮುಗಿಸಿದರು. 1946ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿಗೆ ಭೌತಶಾಸ್ತ್ರದ ಅಧ್ಯಾಪಕರಾಗಿ ಸೇರಿದರು. ಕಾಲೇಜು ಶುರುವಾಗಿ ಆಗಿನ್ನೂ ಒಂದೇ ವರ್ಷ.

ನೌಕರಿ ಸಿಕ್ಕ ಮೇಲೆ ಹೋರಾಟ ಮುಗಿಯಿತು ಎಂದು ಅವರು ಎಣಿಸಲಿಲ್ಲ. 1947ರ ಆಗಸ್ಟ್‌ನಲ್ಲಿ ದೇಶ ಸ್ವತಂತ್ರವಾದರೂ ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಬಂದಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಮೈಸೂರು ಚಲೋ ಚಳವಳಿ ಆರಂಭವಾಯಿತು. ಮೈಸೂರಿನಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಅಲ್ಲಿನ ರಾಮಸ್ವಾಮಿ ವೃತ್ತ ಅವನ ಹೆಸರಿನದು. ಸ್ವತಂತ್ರ ಭಾರತದಲ್ಲಿ, ಸ್ವಾತಂತ್ರ್ಯ ಬಂದು ತಿಂಗಳೂ ತುಂಬುವ ಹೊತ್ತಿಗೆ, ಶಾಲಾ ಕಾಲೇಜಿನ ಹುಡುಗರ ಮೇಲೆ ಗುಂಡು ಹಾರಿತ್ತು ಎಂಬುದು ಮಕ್ಕಳಿಗಷ್ಟೇ ಅಲ್ಲ, ನನಗೂ ಹೊಸ ವಿಷಯ. ನರಸಿಂಹಯ್ಯನವರು ಅಧ್ಯಾಪಕರಾಗಿದ್ದುಕೊಂಡೇ ಈ ಚಳವಳಿಯಲ್ಲಿ ಪಾಲ್ಗೊಂಡರು. ಅಕ್ಟೋಬರ್‌ನಲ್ಲಿ ಸಂಸ್ಥಾನ ಮಣಿಯಿತು, ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು.

ಹಾಸ್ಟೆಲಿನ ಒಂದು ಕೋಣೆ

ಅಲ್ಲಿಂದ ಮುಂದಿನದು ಮೇಷ್ಟ್ರ ಬದುಕು. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಬೀಜ ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡಿ 1960ರಲ್ಲಿ ಪಿಎಚ್.ಡಿ. ಪಡೆದರು. ಅಲ್ಲೇ ಉಳಿಯಬಹುದಿತ್ತು. ವಾಪಸು ಬಂದರು. ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾದರು. ಮದುವೆಯಾಗಲಿಲ್ಲ. ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲೇ ಬದುಕಿನ ಬಹುಪಾಲು ಕಳೆದರು. ಬಿಳಿ ಖಾದಿ, ಗಾಂಧಿ ಟೋಪಿ, ಹುಡುಗರ ಜೊತೆ ಹಾಸ್ಟೆಲ್ ಊಟ. ಕುಲಪತಿಯಾದಾಗಲೂ ಆ ಕೋಣೆಯನ್ನು ಬಿಡಲಿಲ್ಲ.

1962ರಲ್ಲಿ ಅವರು ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿದರು. ವಾರಕ್ಕೊಂದು ವಿಜ್ಞಾನ ಉಪನ್ಯಾಸ, ಯಾರು ಬೇಕಾದರೂ ಬಂದು ಕೂರಬಹುದು, ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಜುಲೈ ತಿಂಗಳು ವಿಜ್ಞಾನ ಹಬ್ಬ. ಜಯನಗರದ ನ್ಯಾಷನಲ್ ಕಾಲೇಜು 1965ರಲ್ಲಿ ಬಂತು. ನಾಟಕ, ಸಂಗೀತ ನೋಡಲು ನಾವು ಹೋಗುವ ಎಚ್.ಎನ್. ಕಲಾಕ್ಷೇತ್ರ ಆ ಆವರಣದಲ್ಲೇ ಇದೆ. ಗೌರಿಬಿದನೂರು, ಬಾಗೇಪಲ್ಲಿಯಂಥ ಹಿಂದುಳಿದ ತಾಲ್ಲೂಕುಗಳಿಗೂ ನ್ಯಾಷನಲ್ ಸಂಸ್ಥೆಯ ಕಾಲೇಜುಗಳು ಹೋದವು. ಓದಲು 80 ಕಿಲೋಮೀಟರ್ ನಡೆದವರು, ಮುಂದಿನವರು ಅಷ್ಟು ನಡೆಯದಿರಲಿ ಎಂದು ಮಾಡಿದ ಕೆಲಸ ಅದು.

1972ರಿಂದ 1977ರವರೆಗೆ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. 1976ರಲ್ಲಿ ಪವಾಡಗಳನ್ನು ಮತ್ತು ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನು ವೈಜ್ಞಾನಿಕವಾಗಿ ತನಿಖೆ ಮಾಡಲು ಒಂದು ಸಮಿತಿ ರಚಿಸಿದರು. ದೇಶದಲ್ಲಿ ಆಗ ತುರ್ತು ಪರಿಸ್ಥಿತಿ. ಸಭೆ, ಪತ್ರಿಕೆ, ಮಾತು ಎಲ್ಲಕ್ಕೂ ಬೇಲಿ ಬಿದ್ದಿದ್ದ ಕಾಲ. ಅಂಥ ಹೊತ್ತಿನಲ್ಲಿ ಕೈಯಿಂದ ವಿಭೂತಿ ತರಿಸುವುದಾಗಿ ಹೆಸರಾಗಿದ್ದ ಪಾಂಡವಪುರದ ಒಬ್ಬ ಬಾಲಕನ ಪವಾಡವನ್ನು ಸಮಿತಿ ಪರೀಕ್ಷಿಸಿತು, ವಿಭೂತಿ ಮೊದಲೇ ಬಚ್ಚಿಟ್ಟದ್ದೆಂದು ತೋರಿಸಿತು. ಬಹು ಪ್ರಸಿದ್ಧರಾಗಿದ್ದ ಸತ್ಯಸಾಯಿ ಬಾಬಾ ಅವರಿಗೂ ನರಸಿಂಹಯ್ಯನವರು ಪತ್ರ ಬರೆದು, ಸಮಿತಿಯ ಮುಂದೆ ಪವಾಡ ಮಾಡಿ ತೋರಿಸಬೇಕೆಂದು ಕೇಳಿಕೊಂಡರು. ಉತ್ತರ ಬರಲಿಲ್ಲ. ವಿರೋಧ ಸಾಕಷ್ಟು ಬಂತು. ಅವರು ಯಾರನ್ನೂ ನಿಂದಿಸಲಿಲ್ಲ, ಕೇಳುವುದನ್ನು ನಿಲ್ಲಿಸಲೂ ಇಲ್ಲ.

ಸ್ವಾತಂತ್ರ್ಯ ಹೋರಾಟಕ್ಕಾಗಿ ತಾಮ್ರಪತ್ರ, 1984ರಲ್ಲಿ ಪದ್ಮಭೂಷಣ ಬಂದವು. ಹೋರಾಟದ ಹಾದಿ ಎಂಬ ಆತ್ಮಕತೆ ಬರೆದರು. 2005ರ ಜನವರಿ 31ರಂದು ತೀರಿಕೊಂಡಾಗ ಅವರಿಗೆ 84 ವರ್ಷ. ಹೈಸ್ಕೂಲ್ ಸೇರಲು ನಡೆದು ಬಂದಿದ್ದ ಹೊಸೂರಿನ ಮಣ್ಣಿಗೇ ಅವರ ದೇಹ ಮರಳಿತು.

ಜೈಲು ಉದ್ಯಾನವಾದ ಮೇಲೆ

ಜೀವನಚರಿತ್ರೆಯನ್ನು ಇಲ್ಲಿಗೆ ನಿಲ್ಲಿಸಿದ್ದರೆ ಹುಡುಗಿಯ ಪ್ರಶ್ನೆಗೆ ನಾನು ಎರಡನೇ ಸಲ ಬೆನ್ನು ತಿರುಗಿಸಿದಂತಾಗುತ್ತಿತ್ತು. ಬ್ರಿಟಿಷರ ಕಾಲ, ಅರಸರ ಕಾಲ ಎಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಹಾಗಾಗಿ ಕೊನೆಯ ಹದಿನೈದು ನಿಮಿಷವನ್ನು ಇಂದಿನ ಬೆಂಗಳೂರಿಗೆ ಇಟ್ಟುಕೊಂಡೆ.

ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲು ಪರಪ್ಪನ ಅಗ್ರಹಾರಕ್ಕೆ ಸ್ಥಳಾಂತರವಾದ ಮೇಲೆ ಹಳೆಯ ಜಾಗ 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ಸ್ವಾತಂತ್ರ್ಯ ಹೋರಾಟಗಾರರನ್ನು, ತುರ್ತು ಪರಿಸ್ಥಿತಿಯಲ್ಲಿ ವಿರೋಧ ಪಕ್ಷದವರನ್ನು ಕೂಡಿಟ್ಟ ಗೋಡೆಗಳು ಅವು. 2021ರ ಪೊಲೀಸ್ ಆದೇಶದ ನಂತರ ನಗರದಲ್ಲಿ ಧರಣಿ, ಪ್ರತಿಭಟನೆ ನಡೆಸಲು ಗೊತ್ತು ಮಾಡಿರುವ ಜಾಗ ಅದೇ. ರಸ್ತೆಯಲ್ಲಿ ಸಂಚಾರಕ್ಕೆ ತೊಂದರೆಯಾಗಬಾರದು ಎಂಬುದು ಕಾರಣ. ಬೊಮ್ಮನಹಳ್ಳಿಯಲ್ಲಿ ಕೆಲಸ ಮಾಡುವವರು ತಮ್ಮ ಕಷ್ಟವನ್ನು ಶೇಷಾದ್ರಿ ರಸ್ತೆಗೆ ಹೋಗಿ ಹೇಳಬೇಕು. ಇದು ಸರಿಯೋ ಅಲ್ಲವೋ ಎಂದು ನಾನು ತೀರ್ಪು ಕೊಡಲಿಲ್ಲ, ಎರಡು ಗುಂಪು ಮಾಡಿ ಚರ್ಚೆಗೆ ಬಿಟ್ಟೆ. ಆಂಬ್ಯುಲೆನ್ಸ್ ನಿಂತರೆ ಏನು ಗತಿ ಎಂದು ಒಂದು ಗುಂಪು, ಯಾರೂ ನೋಡದ ಕಡೆ ಕೂಗಿ ಏನು ಫಲ ಎಂದು ಇನ್ನೊಂದು ಗುಂಪು. ಎರಡೂ ಪ್ರಶ್ನೆಗಳು ಹಲಗೆಯ ಮೇಲೆ ಉಳಿದವು.

2019ರ ಡಿಸೆಂಬರ್ ವಿಷಯವನ್ನೂ ಹೇಳಿದೆ. ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಪ್ರತಿಭಟನೆಗೆ ಕರೆ ಬಂದಾಗ ನಗರದಲ್ಲಿ ನಿಷೇಧಾಜ್ಞೆ ಹೇರಲಾಗಿತ್ತು. 19ರಂದು ಟೌನ್‌ಹಾಲ್ ಬಳಿ ಬಂದ ಅನೇಕರನ್ನು, ಇತಿಹಾಸಕಾರ ರಾಮಚಂದ್ರ ಗುಹಾ ಅವರೂ ಸೇರಿ, ಪೊಲೀಸರು ವಶಕ್ಕೆ ಪಡೆದರು. ಅದೇ ದಿನ ಅದೇ ಜಾಗದಲ್ಲಿ ಪೊಲೀಸ್ ಅಧಿಕಾರಿಯೊಬ್ಬರು ಜನರ ಜೊತೆ ನಿಂತು ರಾಷ್ಟ್ರಗೀತೆ ಹಾಡಿದರು, ಜನ ಎದ್ದುನಿಂತು ದನಿಗೂಡಿಸಿ ಆಮೇಲೆ ಚದುರಿದರು. ಲಾಠಿ ಎತ್ತುವ ಅಗತ್ಯವೇ ಬೀಳಲಿಲ್ಲ. ನಾಗರಿಕರು ಆ ನಿಷೇಧಾಜ್ಞೆಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 2020ರ ಫೆಬ್ರುವರಿಯಲ್ಲಿ ಕರ್ನಾಟಕ ಹೈಕೋರ್ಟ್ ಆ ಆದೇಶ ಕಾನೂನುಬಾಹಿರ ಎಂದಿತು.

ಕಾನೂನನ್ನು ಎಂಟನೇ ತರಗತಿಗೆ ತಕ್ಕಷ್ಟು ಸರಳ ಮಾಡಿದೆ. ಸಂವಿಧಾನದ 19ನೇ ವಿಧಿಯ ಪ್ರಕಾರ ಆಯುಧವಿಲ್ಲದೆ ಶಾಂತಿಯಿಂದ ಸಭೆ ಸೇರುವುದು ನಾಗರಿಕರ ಹಕ್ಕು. ಸಾರ್ವಜನಿಕ ಶಾಂತಿಗಾಗಿ ಸರ್ಕಾರ ಸಮಂಜಸವಾದ ಮಿತಿ ಹಾಕಬಹುದು. ಗುಂಪೊಂದು ಶಾಂತಿ ಕದಡುವಂತಿದ್ದರೆ ಮೊದಲು ಚದುರಲು ಆದೇಶ, ಚದುರದಿದ್ದರೆ ಮಾತ್ರ ಬಲ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 129ನೇ ಕಲಂನಲ್ಲಿದ್ದ ಈ ನಿಯಮ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೇ ಕಲಂನಲ್ಲಿದೆ. ಬಲಕ್ಕೆ ಪ್ರಮಾಣವೂ ಇದೆ, ದಿಕ್ಕೂ ಇದೆ ಎಂದು ನಾವು ಓದಿದ್ದೆವಲ್ಲ. ಪೊಲೀಸರ ಬಲದ ವಿಷಯದಲ್ಲಿ ಕೇಳಬೇಕಾದದ್ದೂ ಅವೇ: ಎಷ್ಟು, ಯಾರ ಮೇಲೆ. ಅದಕ್ಕೂ ಮೊದಲು, ಬೇಕಿತ್ತೇ?

2016ರ ಘಟನೆಯನ್ನು ಅಡಗಿಸದೆ ಹೇಳಿದೆ. ಭವಿಷ್ಯ ನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಫೆಬ್ರುವರಿಯಲ್ಲಿ ನಿಯಮ ಮಾಡಿತ್ತು. ಗಾರ್ಮೆಂಟ್ ಕೆಲಸದಲ್ಲಿ ಆ ವಯಸ್ಸಿನವರೆಗೆ ಉಳಿಯುವವರು ಬಹಳ ಕಡಿಮೆ. ಮಗಳ ಮದುವೆ, ಆಸ್ಪತ್ರೆ, ಊರಿನ ಸಾಲ ಎಂದು ಕೆಲಸ ಬಿಟ್ಟಾಗ ಅವರ ಕೈಗೆ ಬರುವ ಇಡುಗಂಟು ಅದೊಂದೇ. ಏಪ್ರಿಲ್ 18ರಂದು ಹೆಂಗಸರು ಫ್ಯಾಕ್ಟರಿಗಳಿಂದ ಹೊರಗೆ ಬಂದು ಹೊಸೂರು ರಸ್ತೆಯಲ್ಲಿ ಕೂತರು. ಲಾಠಿ ಪ್ರಹಾರವಾಯಿತು, ಅಶ್ರುವಾಯು ಸಿಡಿಯಿತು. ಮಾರನೆಯ ದಿನ ಕೆಲವೆಡೆ ಕಲ್ಲು ತೂರಾಟವಾಯಿತು, ಬಸ್ಸುಗಳಿಗೆ ಬೆಂಕಿ ಬಿತ್ತು, ಪೊಲೀಸರಿಗೂ ಪೆಟ್ಟಾಯಿತು. ಅದನ್ನೂ ಹೇಳಿದೆ, ಏಕೆಂದರೆ ಆ ಕಾನ್‌ಸ್ಟೆಬಲ್ ಮಗನೂ ನನ್ನ ವಿದ್ಯಾರ್ಥಿಯೇ. ಕಲ್ಲು ಎಸೆದದ್ದು ತಪ್ಪು. ಶಾಂತಿಯಿಂದ ಕೂತವರು ಅದಕ್ಕೆ ಹೊಣೆಯಲ್ಲ. 19ರ ಸಂಜೆಗೆ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ದೇಶದಾದ್ಯಂತ ಕೋಟ್ಯಂತರ ಕಾರ್ಮಿಕರಿಗೆ ಅದರಿಂದ ಉಪಯೋಗವಾಯಿತು. ನಿಯಮ ಬದಲಾಗಲು ಕಾರಣರಾದವರಲ್ಲಿ ನಮ್ಮ ಶಾಲೆಯ ಕೆಲವು ಮಕ್ಕಳ ಅಮ್ಮಂದಿರೂ ಇದ್ದರು ಎಂದೆ. ಹುಡುಗಿಯ ಕಡೆ ನೋಡಿ ಹೇಳಲಿಲ್ಲ. ಅವಳು ತಲೆ ತಗ್ಗಿಸಿ ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿದ್ದಳು.

ಚೀಟಿಗಳಲ್ಲಿ ಬಂದ ಪ್ರಶ್ನೆಗಳು

ಅವಧಿಯ ಕೊನೆಗೆ ಹೆಸರಿಲ್ಲದ ಚೀಟಿಯಲ್ಲಿ ಒಂದೊಂದು ಪ್ರಶ್ನೆ ಬರೆದು ಕೊಡಲು ಹೇಳಿದೆ. ಉತ್ತರಕ್ಕೆ ಅಂಕವಿಲ್ಲ, ಪ್ರಶ್ನೆ ಕೇಳುವುದೇ ಕೆಲಸ. 38 ಚೀಟಿ ಬಂದವು. ನರಸಿಂಹಯ್ಯನವರು ನಡೆದು ಬಂದಾಗ ಚಪ್ಪಲಿ ಇತ್ತೇ? ವಿದುರಾಶ್ವತ್ಥದಲ್ಲಿ ಗುಂಡು ಹಾರಿಸಿದವರೂ ಕನ್ನಡದವರೇ? ತಪ್ಪು ಆದೇಶ ಬಂದರೆ ಪೊಲೀಸ್ ಏನು ಮಾಡಬೇಕು? ಈ ಕೊನೆಯದನ್ನು ಬರೆದವರು ಯಾರೆಂದು ನಾನು ಊಹಿಸಬಲ್ಲೆ. ಉತ್ತರ ಅಷ್ಟು ಸುಲಭವಲ್ಲ.

ಇನ್ನೊಂದು ಚೀಟಿ ನನ್ನನ್ನು ಬಹಳ ಹೊತ್ತು ಹಿಡಿದಿಟ್ಟಿತು. ಜೈಲಿನಲ್ಲಿದ್ದಷ್ಟು ದಿನ ನರಸಿಂಹಯ್ಯನವರ ಪಾಠ ತಪ್ಪಿತಲ್ಲ, ಕಾಲೇಜಿನವರು ಮತ್ತೆ ಸೇರಿಸಿಕೊಂಡರೇ ಎಂದಿತ್ತು. ಪ್ರತಿಭಟನೆಗೆ ಹೋದರೆ ಸಂಬಳ ಕಡಿತವಾಗುವ ಮನೆಯ ಮಗು ಮಾತ್ರ ಕೇಳಬಹುದಾದ ಪ್ರಶ್ನೆ ಅದು. ಸೇರಿಸಿಕೊಂಡರು, ಓದು ಮುಗಿಸಿದರು, ಅದೇ ವಿಷಯದ ಮೇಷ್ಟ್ರಾದರು ಎಂದು ಮರುದಿನ ಎಲ್ಲರಿಗೂ ಕೇಳುವಂತೆ ಹೇಳಿದೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಹೇಳಬೇಕಾದದ್ದು ಸ್ವಲ್ಪವೇ ಇದೆ. ವಿಜ್ಞಾನದ ಪಾಠದಲ್ಲಿ ವಿಜ್ಞಾನಿಯ ಜೀವನ ಹೇಳುವಾಗ ಸಂಶೋಧನೆ ಮತ್ತು ಪ್ರಶಸ್ತಿಗಳ ಪಟ್ಟಿಗೆ ನಿಲ್ಲಿಸಬೇಡಿ. ಸ್ಥಳೀಯ ವ್ಯಕ್ತಿಯನ್ನು ಆರಿಸಿಕೊಳ್ಳಿ, ಮಕ್ಕಳು ನೋಡಿರುವ ವೃತ್ತ, ಬಸ್ ನಿಲ್ದಾಣ, ಕಾಲೇಜು ಕತೆಯಲ್ಲಿ ಬರಲಿ. ತರಗತಿಯಲ್ಲಿ ಎರಡೂ ಕಡೆಯ ಮಕ್ಕಳಿದ್ದಾರೆ ಎಂದು ನೆನಪಿರಲಿ. ಲಾಠಿ ಹಿಡಿದವರ ಮಗನೂ ಲಾಠಿ ತಪ್ಪಿಸಿಕೊಂಡವರ ಮಗಳೂ ಒಂದೇ ನಲ್ಲಿಯಲ್ಲಿ ನೀರು ಕುಡಿಯುತ್ತಾರೆ. ಘಟನೆಯನ್ನು ದಿನಾಂಕ ಸಮೇತ ಹೇಳಿ, ತೀರ್ಪನ್ನು ಅವರಿಗೆ ಬಿಡಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ, ನಾಳೆ ಓದಿಕೊಂಡು ಬರುತ್ತೇನೆ ಎನ್ನಿ. ಅದು ಪಾಠದಲ್ಲಿಲ್ಲ ಎಂದು ಮಾತ್ರ ಹೇಳಬೇಡಿ. ನಾನು ಹಾಗೆ ಹೇಳಿದ ದಿನ ಆ ಹುಡುಗಿ ಹೇಗೋ ನನ್ನ ಹಿಂದೆ ಬಂದಳು. ಎಲ್ಲ ಮಕ್ಕಳೂ ಹಾಗೆ ಬರುವುದಿಲ್ಲ.